ಬಿಟ್ಟುಹೋಗುವ ತವರು

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವವನಿಗೆ ಕಾಲಕ್ರಮದಲ್ಲಿ ಒಂದು ಚಟ ಅಂಟಿಕೊಳ್ಳುತ್ತದೆ. ಯಾವ ಮಾತು ಕಿವಿಗೆ ಬಿದ್ದರೂ ಅದರಲ್ಲಿ ಕರ್ತೃ ಯಾರು, ಕರ್ಮ ಯಾವುದು ಎಂದು ಹುಡುಕುವ ಚಟ. ನಶ್ಯದ ಚಟವಾದರೆ ಒಂದು ಕರವಸ್ತ್ರ ಹಾಳಾಗುತ್ತದೆ. ಇದರಿಂದ ಮನೆಮಂದಿಯ ನೆಮ್ಮದಿಯೇ ಹಾಳು. ಮಗ ಅಡಿಗೆಮನೆಯಿಂದ ಹೊರಗೆ ಬಂದು "ಲೋಟ ಒಡೀತು" ಎನ್ನುತ್ತಾನೆ. ವ್ಯಾಕರಣದ ಲೆಕ್ಕದಲ್ಲಿ ಅಲ್ಲಿ ಲೋಟವೇ ಕರ್ತೃ. ನಿಜವಾಗಿ ಒಡೆದವನು ವಾಕ್ಯದ ಹೊರಗೆ, ಬಾಗಿಲಿಗೆ ಆತು ನಿಂತಿರುತ್ತಾನೆ. ತಡವಾಗಿ ಬಂದ ವಿದ್ಯಾರ್ಥಿ "ಬಸ್ಸು ತಪ್ಪಿತು ಸರ್" ಎನ್ನುತ್ತಾನೆ, ತಪ್ಪು ಬಸ್ಸಿನದು. ಕಚೇರಿಗೆ ಹೋದರೆ "ಕಡತ ಕಳೆದುಹೋಗಿದೆ" ಎಂಬ ಉತ್ತರ ಬರುತ್ತದೆ. ಕಳೆದವರು ಯಾರೂ ಇಲ್ಲ, ಕಡತವೇ ತನ್ನಷ್ಟಕ್ಕೆ ಎದ್ದು ಹೋಗಿದೆ. ಮಾಡಿದವನ ಹೆಸರನ್ನು ಮರೆಸಲು ಇಷ್ಟು ಒಳ್ಳೆಯ ಸಾಧನ ನಮ್ಮ ಭಾಷೆಯಲ್ಲಿ ಬೇರೊಂದಿಲ್ಲ.

ಆದರೆ ಇದೇ ಬಗೆಯ ವಾಕ್ಯ ಇನ್ನೊಂದು ಕೆಲಸಕ್ಕೂ ಬರುತ್ತದೆ. ಮನುಷ್ಯನ ದುಃಖ ಒಂದು ಮಿತಿಯನ್ನು ದಾಟಿ, ಯಾರನ್ನು ದೂರಿಯೂ ಪ್ರಯೋಜನವಿಲ್ಲ ಎಂಬಲ್ಲಿಗೆ ಮುಟ್ಟಿದಾಗ ಅವನ ಬಾಯಿಂದ ಹೊರಡುವುದೂ ಇಂಥದೇ ವಾಕ್ಯ. ಹಟ ತೊಟ್ಟವನು "ನಾನು ಸಂಗೀತ ಬಿಟ್ಟೆ" ಎನ್ನುತ್ತಾನೆ. ಹತಾಶನಾದವನು "ಸಂಗೀತ ಬಿಟ್ಟುಹೋಯಿತು" ಎನ್ನುತ್ತಾನೆ. ಎರಡು ವಾಕ್ಯಗಳ ನಡುವೆ ಇರುವುದು ಒಂದು ಸಣ್ಣ ಪ್ರತ್ಯಯದ ವ್ಯತ್ಯಾಸವಲ್ಲ, ಒಂದು ಆಯುಷ್ಯದ ವ್ಯತ್ಯಾಸ. ಈ ವ್ಯತ್ಯಾಸದ ಮೇಲೆಯೇ ನಿಂತಿರುವ ಒಂದು ಹಾಡಿದೆ. ಕನ್ನಡದ್ದಲ್ಲ; ಲಕ್ನೋದ್ದು. ಸಂಗೀತ ಕೇಳುವ ಮನೆಗಳಲ್ಲಿ ಅದರ ಮೊದಲೆರಡು ಪದಗಳನ್ನು ಹೇಳಿದರೆ ಸಾಕು, ಯಾರಾದರೂ ಒಬ್ಬರು ಮುಂದಿನದನ್ನು ಗುನುಗುತ್ತಾರೆ. 'ಬಾಬುಲ್ ಮೋರಾ' ಎಂಬ ಭೈರವಿಯ ಠುಮ್ರಿ ಅದು.

ಬಾಬುಲ್ ಎಂದರೆ ಅಪ್ಪ. ಹಾಡಿನಲ್ಲಿ ಬರುವ ನೈಹರ್ ಎಂಬ ಮಾತಿಗೆ ಅನೇಕ ಭಾಷೆಗಳಲ್ಲಿ ಎರಡು ಮೂರು ಪದ ಕೂಡಿಸಿ ಅರ್ಥ ಹೇಳಬೇಕು; ನಮಗೆ ಆ ಕಷ್ಟವಿಲ್ಲ. ನೈಹರ್ ಎಂದರೆ ತವರು. ಮದುವೆಯಾದ ಹುಡುಗಿ ಗಂಡನ ಮನೆಗೆ ಹೊರಡುವಾಗ ತಂದೆಯನ್ನು ಕುರಿತು ಹಾಡುವ ಹಾಡು ಇದು. ಇಂಥ ಹಾಡುಗಳು ಉತ್ತರ ಹಿಂದುಸ್ಥಾನದ ಹಳ್ಳಿ ಹಳ್ಳಿಗಳಲ್ಲಿ ಇವೆ, ನಮ್ಮಲ್ಲಿಯೂ ಬೇಕಾದಷ್ಟಿವೆ. ಹಲಸಂಗಿಯ ಗೆಳೆಯರು ಕೂಡಿಸಿಕೊಟ್ಟ 'ಗರತಿಯ ಹಾಡು' ತೆರೆದರೆ ತವರಿನ ಮೇಲಿನ ತ್ರಿಪದಿಗಳೇ ಒಂದು ಸಂಸಾರವಾಗಿ ನೆರೆದಿವೆ. ಹಾಗಾದರೆ ಇದರಲ್ಲಿ ವಿಶೇಷವೇನು? ವಿಶೇಷವಿರುವುದು ಕ್ರಿಯಾಪದದಲ್ಲಿ. ಹಿಂದಿಯಲ್ಲಿ 'ಛೋಡನಾ' ಎಂದರೆ ಬಿಡುವುದು; 'ಛೂಟನಾ' ಎಂದರೆ ಬಿಟ್ಟುಹೋಗುವುದು, ಕೈತಪ್ಪುವುದು. ಈ ಹಾಡು ಆರಿಸಿಕೊಂಡದ್ದು ಎರಡನೆಯದನ್ನು. ಹುಡುಗಿ ತಾನು ತವರನ್ನು ಬಿಡುತ್ತಿದ್ದೇನೆ ಎನ್ನುವುದಿಲ್ಲ. ನೀವು ನನ್ನನ್ನು ಕಳಿಸುತ್ತಿದ್ದೀರಿ ಎಂದೂ ಅನ್ನುವುದಿಲ್ಲ. ತವರು ತಾನಾಗಿ ಬಿಟ್ಟುಹೋಗುತ್ತಿದೆ. ಮಾಡುವವರಿಲ್ಲ, ಆಗುವುದಷ್ಟೇ ಇದೆ.

ಈ ವಾಕ್ಯವನ್ನು ಕಟ್ಟಿದವಳು ಮದುಮಗಳಲ್ಲ. ಪರಂಪರೆ ಹೇಳುವಂತೆ, ಅವಧದ ಕೊನೆಯ ನವಾಬ ವಾಜಿದ್ ಅಲಿ ಶಾ.

ವಾಜಿದ್ ಅಲಿ ಶಾ ಹುಟ್ಟಿದ್ದು 1822ರಲ್ಲಿ, ಪಟ್ಟಕ್ಕೆ ಬಂದದ್ದು 1847ರಲ್ಲಿ. 'ಅಖ್ತರ್' ಎಂಬ ಅಂಕಿತದಿಂದ ಕವಿತೆ ಬರೆಯುತ್ತಿದ್ದ, ಠುಮ್ರಿ ಕಟ್ಟುತ್ತಿದ್ದ, ಕಥಕ್ ನೃತ್ಯಕ್ಕೆ ಆಶ್ರಯ ಕೊಟ್ಟಿದ್ದ, ತಾನೂ ಗೆಜ್ಜೆ ಕಟ್ಟಿದವನು. ಅವನ ಅಂತಃಪುರದ ವಿಸ್ತಾರದ ಬಗ್ಗೆ ಅವನೇ ಸಂಕೋಚವಿಲ್ಲದೆ ಬರೆದುಕೊಂಡಿದ್ದಾನೆ. ಇದನ್ನೆಲ್ಲ ಕಂಪನಿಯ ಅಧಿಕಾರಿಗಳು ಪಟ್ಟಿ ಮಾಡಿ, ಇವನಿಗೆ ರಾಜ್ಯವಾಳಲು ಬಾರದು ಎಂಬ ತೀರ್ಪನ್ನು ಸಿದ್ಧಪಡಿಸಿಕೊಂಡರು. ಅವಧದ ಹೊಲಗಳು ಫಲವತ್ತಾದವು. ತೀರ್ಪಿಗೆ ಅದೂ ಒಂದು ಕಾರಣವಾಗಿದ್ದಿರಬೇಕು. 1856ರ ಫೆಬ್ರವರಿಯಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆ ರೆಸಿಡೆಂಟ್ ಔಟ್ರಮ್ ಒಂದು ಕರಾರುಪತ್ರವನ್ನು ಅರಮನೆಗೆ ತಂದ. ರಾಜ್ಯವನ್ನು ಒಪ್ಪಿಸಿಕೊಡುತ್ತೇನೆ ಎಂದು ನವಾಬ ಸಹಿ ಹಾಕಬೇಕು. ಹಾಕಿದರೆ ವರ್ಷಕ್ಕೆ 12 ಲಕ್ಷ ರೂಪಾಯಿ. ನವಾಬ ಸಹಿ ಹಾಕಲಿಲ್ಲ. ಕಣ್ಣೀರು ಹಾಕುತ್ತ ತಲೆಯ ಪೇಟವನ್ನು ತೆಗೆದು ಔಟ್ರಮ್‌ನ ಕೈಯಲ್ಲಿಟ್ಟ. ರಾಜ್ಯ ಹೋದ ಮೇಲೆ ಸರಿಸಮಾನರ ನಡುವೆ ಆಗುವ ಕರಾರು ತನಗೇಕೆ ಎಂಬುದು ಅದರ ಅರ್ಥ. ಸಹಿಯಿಲ್ಲದೆಯೇ ಅವಧ ಕಂಪನಿಯದಾಯಿತು.

ಮಾರ್ಚಿಯಲ್ಲಿ ಅವನು ಲಕ್ನೋದಿಂದ ಹೊರಟ. ಕಾನ್ಪುರ, ಅಲಹಾಬಾದ್, ಬನಾರಸ್ ಮಾರ್ಗವಾಗಿ ಮೇ ತಿಂಗಳಲ್ಲಿ ಕಲ್ಕತ್ತೆ ಸೇರಿದ. ಅಲ್ಲಿಂದ ವಿಲಾಯಿತಿಗೆ ಹೋಗಿ ರಾಣಿಯ ಮುಂದೆ ತನ್ನ ಅಹವಾಲು ಹೇಳಿಕೊಳ್ಳಬೇಕೆಂಬ ಆಸೆ ಇತ್ತು. ಅವನ ಆರೋಗ್ಯ ಒಪ್ಪಲಿಲ್ಲ. ವಯಸ್ಸಾದ ತಾಯಿ ಹೊರಟಳು. ಸಮುದ್ರ ದಾಟಿ ಲಂಡನ್ನಿಗೆ ಹೋದ ಆ ತಾಯಿ ಬರಿಗೈಯಲ್ಲಿ ಮರಳುವ ದಾರಿಯಲ್ಲಿ 1858ರಲ್ಲಿ ಪ್ಯಾರಿಸ್ಸಿನಲ್ಲಿ ತೀರಿಕೊಂಡಳು. ಈ ನಡುವೆ 1857ರ ದಂಗೆ ಎದ್ದಿತು. ದಂಗೆಗೂ ತನಗೂ ನೂರಾರು ಮೈಲಿಗಳ ಅಂತರವಿದ್ದರೂ ನವಾಬನನ್ನು ಹಿಡಿದು ಫೋರ್ಟ್ ವಿಲಿಯಮ್ ಕೋಟೆಯಲ್ಲಿ ಎರಡು ವರ್ಷದ ತನಕ ಇರಿಸಿದರು. ಬಿಡುಗಡೆಯಾದ ಮೇಲೆ ಹೂಗ್ಲಿ ನದಿಯ ದಂಡೆಯ ಮಟಿಯಾಬುರ್ಜಿನಲ್ಲಿ ಬಿಡಾರ ಹೂಡಿದ. ಅಲ್ಲಿ ಮನೆಗಳನ್ನು ಕಟ್ಟಿಸಿದ, ಇಮಾಂಬಾಡಾ ಕಟ್ಟಿಸಿದ, ಪ್ರಾಣಿಪಕ್ಷಿಗಳನ್ನು ಸಾಕಿದ, ಗಾಯಕರನ್ನು ನರ್ತಕರನ್ನು ಕರೆಸಿಕೊಂಡ. ಒಂದು ಚಿಕ್ಕ ಲಕ್ನೋವನ್ನೇ ಬಂಗಾಳದ ಕೆಸರಿನಲ್ಲಿ ನೆಟ್ಟ. ಆದರೆ ನಿಜವಾದ ಲಕ್ನೋವನ್ನು ಮತ್ತೆ ಕಾಣಲಿಲ್ಲ. 1887ರಲ್ಲಿ ಅಲ್ಲಿಯೇ ತೀರಿಕೊಂಡ. ಊರು ಬಿಟ್ಟು 31 ವರ್ಷವಾಗಿತ್ತು.

ಈ ಮನುಷ್ಯ ತನ್ನ ದುಃಖವನ್ನು ತನ್ನ ದನಿಯಲ್ಲಿ ಹೇಳಿಕೊಳ್ಳಲಿಲ್ಲವೆಂದಲ್ಲ. ಗಡೀಪಾರಿನ ದಾರಿಯನ್ನೂ ಕಲ್ಕತ್ತೆಯ ಬಂಧನವನ್ನೂ ಕುರಿತು 'ಹುಜ್ನ್-ಎ-ಅಖ್ತರ್', ಅಂದರೆ ಅಖ್ತರನ ದುಃಖ, ಎಂಬ ಒಂದು ಕಥನಕಾವ್ಯವನ್ನೇ ಬರೆದ. ಅದು ಇಂದು ವಿದ್ವಾಂಸರ ಕಪಾಟಿನಲ್ಲಿದೆ. ಮದುಮಗಳ ಬಾಯಲ್ಲಿಟ್ಟ ನಾಲ್ಕಾರು ಸಾಲು ಮಾತ್ರ ಜನರ ಬಾಯಲ್ಲಿದೆ. ಕಾವ್ಯ ಓದುವ ಓದಿಸುವ ನನಗೆ ಇದು ಬಹಳ ಯೋಚನೆಗೆ ಹಚ್ಚುವ ಸಂಗತಿ.

ರಾಜನಾಗಿ ಮಾತನಾಡಿದರೆ ಹೇಳಲು ಬರುವುದೇನು? ನನ್ನ ಸಿಂಹಾಸನ ಹೋಯಿತು, ನನ್ನ ಮಾತಿಗೆ ಬೆಲೆ ಇಲ್ಲವಾಯಿತು, ನಂಬಿದ ಕಂಪನಿ ಮೋಸ ಮಾಡಿತು. ಇವೆಲ್ಲ ನಿಜ, ಆದರೆ ಕೇಳುವವನಿಗೆ ಸಿಂಹಾಸನವಿಲ್ಲ. ಅವನು "ಅಯ್ಯೋ ಪಾಪ" ಎಂದು ಎದ್ದುಹೋಗುತ್ತಾನೆ. ಠುಮ್ರಿಯ ಸಂಪ್ರದಾಯ ಈ ನವಾಬನಿಗೆ ಬೇರೊಂದು ಬಾಗಿಲು ತೆರೆಯಿತು. ಠುಮ್ರಿಯಲ್ಲಿ ಕಟ್ಟಿದವನು ಗಂಡಸಾದರೂ ಮಾತನಾಡುವವಳು ಹೆಣ್ಣು. ಇದು ನಮಗೆ ಹೊಸದಲ್ಲ. ಶರಣಸತಿ ಲಿಂಗಪತಿ ಎಂಬ ಭಾವದಲ್ಲಿ ಗಡ್ಡಮೀಸೆಯ ವಚನಕಾರರು ಸತಿಯಾಗಿ ನುಡಿದ ನಾಡು ನಮ್ಮದು. ಹೆಣ್ಣಿನ ದನಿ ತೊಟ್ಟಾಗ ದೊರೆಗೆ ದೊರೆತನದ ಲೆಕ್ಕ ಇಡಬೇಕಾಗಿಲ್ಲ. ರಾಜ್ಯ ಎಂಬ ಕಡೆ ತವರು ಎಂದರಾಯಿತು. ಪಲ್ಲಕ್ಕಿಯನ್ನು ಹೊರುವವರು ನಾಲ್ವರು ಎಂದರಾಯಿತು. ನಾಲ್ವರು ಹೊರುವುದು ಮದುಮಗಳನ್ನಷ್ಟೇ ಅಲ್ಲ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಅಂಗಳ, ಹೊಸ್ತಿಲು ಎಂದರಾಯಿತು. ದಿನಕ್ಕೆ ನೂರು ಬಾರಿ ದಾಟಿದ ಅಂಗಳ ಹತ್ತಲಾಗದ ಬೆಟ್ಟದಂತಾಗುವುದು, ಕಾಲಡಿಯ ಹೊಸ್ತಿಲೇ ಪರದೇಶವಾಗುವುದು, ಇದು ಅರಮನೆಯ ದುಃಖವೂ ಹೌದು, ಮಣ್ಣಿನ ಮಾಳಿಗೆಯ ದುಃಖವೂ ಹೌದು.

ಹೀಗೆ ಒಂದೇ ಹೊರಡುವಿಕೆಯಲ್ಲಿ ಮೂರು ಹೊರಡುವಿಕೆಗಳು ಕೂಡಿಕೊಂಡವು: ಹೆಣ್ಣು ತವರಿನಿಂದ, ದೊರೆ ಊರಿನಿಂದ, ಜೀವ ದೇಹದಿಂದ. ಮೂರಕ್ಕೂ ಒಪ್ಪುವ ಕ್ರಿಯಾಪದ ಒಂದೇ. ಬಿಟ್ಟೆ ಎಂದಿದ್ದರೆ ಒಪ್ಪುತ್ತಿರಲಿಲ್ಲ. ಬಿಡಿಸಿದರು ಎಂದಿದ್ದರೆ ನವಾಬನ ಪಾಲಿಗೆ ಮಾತ್ರ ಒಪ್ಪುತ್ತಿತ್ತು. ಹತಾಶೆಯೇ ಇಲ್ಲಿ ವ್ಯಾಕರಣವನ್ನು ಆರಿಸಿತು. ಆ ವ್ಯಾಕರಣ ಹಾಡನ್ನು ಎಲ್ಲರದಾಗಿಸಿತು.

ಇದನ್ನು ಒಮ್ಮೆ ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಉತ್ಸಾಹದಿಂದ ಹೇಳಿದಾಗ ಇತಿಹಾಸದ ಮಾಸ್ತರರು ಚಹದ ಬಸಿಯನ್ನು ಕೆಳಗಿಟ್ಟು ನಕ್ಕರು. "ನಿಮ್ಮ ನವಾಬ ಅತ್ತುಕೋತ ಕೂತ. ಅವನ ಬೇಗಂ ಏನು ಮಾಡಿದಳು ಗೊತ್ತದ ಅಲ್ರಿ? ಕಂಪನಿ ಕಸಕೊಂಡದ್ದನ್ನ ತಾನಾಗಿ ಹೋತು ಅಂದ್ರ ಕಂಪನಿಗೆ ಅದಕ್ಕಿಂತ ಅನುಕೂಲ ಏನದ?"

ಮಾತಿಗೆ ತೂಕವಿತ್ತು. ನವಾಬ ಹೊರಟಾಗ ಲಕ್ನೋದಲ್ಲಿಯೇ ಉಳಿದ ಬೇಗಂ ಹಜರತ್ ಮಹಲ್, 1857ರಲ್ಲಿ ತನ್ನ ಎಳೆಯ ಮಗ ಬಿರ್ಜಿಸ್ ಕದ್ರನಿಗೆ ಪಟ್ಟ ಕಟ್ಟಿ, ಅವನ ಹೆಸರಿನಲ್ಲಿ ದಂಗೆಯ ಮುಂದಾಳತನ ವಹಿಸಿದವಳು. ಲಕ್ನೋ ಮತ್ತೆ ಕಂಪನಿಯ ಕೈವಶವಾದಾಗಲೂ ಶರಣಾಗದೆ ನೇಪಾಳಕ್ಕೆ ದಾಟಿದಳು. ಕೊಡುವೆವೆಂದ ವಿಶ್ರಾಂತಿವೇತನಕ್ಕೆ ಕೈಚಾಚದೆ 1879ರಲ್ಲಿ ಕಠ್ಮಂಡುವಿನಲ್ಲಿ ಮಡಿದಳು. ಅವಳ ವಾಕ್ಯದಲ್ಲಿ ಕರ್ತೃ ಸ್ಪಷ್ಟವಾಗಿದ್ದಾನೆ: ಕಂಪನಿ ಕಸಿದುಕೊಂಡಿತು, ನಾನು ಕೊಡುವುದಿಲ್ಲ. ಇಂಥ ವಾಕ್ಯಗಳಿಲ್ಲದೆ ಯಾವ ದೇಶವೂ ನೆಟ್ಟಗೆ ನಿಲ್ಲಲಾರದು. ಆದರೂ ನಾನು ಮಾಸ್ತರರಿಗೆ ಹೇಳಿದ್ದಿಷ್ಟು: ಬೇಗಮ್ಮಳೂ ಲಕ್ನೋವನ್ನು ಮತ್ತೆ ಕಾಣಲಿಲ್ಲ. ಕಠ್ಮಂಡುವಿನ ಚಳಿಯ ರಾತ್ರಿಗಳಲ್ಲಿ, ಹೋರಾಟವೆಲ್ಲ ಮುಗಿದ ಮೇಲೆ, ಅವಳಿಗೂ ಒಂದು ಹಾಡು ಬೇಕಾಗಿದ್ದಿರಬಹುದು. ಕಸಿದುಕೊಂಡವರ ಹೆಸರನ್ನು ಹೇಳುವುದು ಇತಿಹಾಸದ ಕೆಲಸ. ಕಸಿದುಕೊಂಡವರೂ ಸತ್ತುಹೋದ ಮೇಲೆ ಉಳಿಯುವ ಖಾಲಿ ಜಾಗದ ಕೆಲಸ ಹಾಡಿನದು. ಮಾಸ್ತರರು ಒಪ್ಪಲಿಲ್ಲ, ಆದರೆ ಅಂದು ಚಹದ ದುಡ್ಡನ್ನು ಅವರೇ ಕೊಟ್ಟರು.

ಇನ್ನು ಈ ಹಾಡನ್ನು ಹಾಡಿದವರ ಮಾತು. ಮಾಡಿದವನ ಹೆಸರಿಲ್ಲದ ವಾಕ್ಯದಲ್ಲಿ ಒಂದು ಜಾಗ ಖಾಲಿ ಇರುತ್ತದಷ್ಟೆ. ಒಬ್ಬೊಬ್ಬ ಗಾಯಕ ಬಂದು ಆ ಜಾಗದಲ್ಲಿ ತನ್ನದೇನನ್ನೋ ಇಟ್ಟುಹೋಗಿದ್ದಾನೆ. ಧ್ವನಿಮುದ್ರಿಕೆಗಳನ್ನು ಒಂದರ ಹಿಂದೆ ಒಂದು ಕೇಳಿದರೆ ಇದು ತಿಳಿಯುತ್ತದೆ.

ಎಲ್ಲಕ್ಕಿಂತ ಹೆಸರಾದದ್ದು ಕುಂದನ್‌ಲಾಲ್ ಸೈಗಲ್ಲರದು. 1938ರಲ್ಲಿ ಕಲ್ಕತ್ತೆಯ ನ್ಯೂ ಥಿಯೇಟರ್ಸ್ ಕಂಪನಿ ತೆಗೆದ 'ಸ್ಟ್ರೀಟ್ ಸಿಂಗರ್' ಎಂಬ ಚಿತ್ರ. ನಿರ್ದೇಶನ ಫಣಿ ಮಜುಮ್‌ದಾರರದು, ಸಂಗೀತ ರಾಯ್‌ಚಂದ್ ಬೋರಾಲರದು. ನವಾಬ ಕಣ್ಣುಮುಚ್ಚಿದ ಊರಿನಲ್ಲಿಯೇ, ಅವನು ಕಣ್ಣುಮುಚ್ಚಿದ 51 ವರ್ಷಕ್ಕೆ, ಅವನ ಹಾಡು ಹೊಸ ಯಂತ್ರದೊಳಗೆ ಹೊಕ್ಕಿತು. ಮೊದಲೇ ಹಾಡಿ ಮುದ್ರಿಸಿಕೊಂಡು ಆಮೇಲೆ ನಟರು ತುಟಿಯಾಡಿಸುವ ಪದ್ಧತಿ 1935ರಲ್ಲಿ ಇದೇ ಕಂಪನಿಯಲ್ಲಿ ಬಂದಿತ್ತು. ಆದರೆ ಈ ಹಾಡನ್ನು ಸೈಗಲ್ ಕ್ಯಾಮೆರಾದ ಮುಂದೆ ನಡೆಯುತ್ತಲೇ ಹಾಡಿದರೆಂದೂ, ವಾದ್ಯದವರೂ ಮೈಕ್ರೊಫೋನೂ ಚಿತ್ರದ ಚೌಕಟ್ಟಿಗೆ ಬೀಳದಂತೆ ಅವರೊಡನೆ ಸಾಗಿದರೆಂದೂ ಚಿತ್ರರಂಗದ ಹಳಬರು ಹೇಳುತ್ತ ಬಂದಿದ್ದಾರೆ. ಕೇಳಿದರೆ ಹಾಗೆಯೇ ಅನ್ನಿಸುತ್ತದೆ. ಆ ದನಿಯಲ್ಲಿ ನಡೆಯುವವನ ಉಸಿರಿದೆ. ಅಲಂಕಾರ ಬಹಳ ಕಡಿಮೆ. ಅಂದಿನ ಗ್ರಾಮಾಫೋನು ಪ್ಲೇಟಿನ ಒಂದು ಮಗ್ಗುಲಿಗೆ ಮೂರು, ಮೂರೂವರೆ ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತಿರಲಿಲ್ಲ. ರಾತ್ರಿಯಿಡೀ ಬೆಳೆಸಬಹುದಾದ ಠುಮ್ರಿಯನ್ನು ಆ ಅಳತೆಗೆ ಕತ್ತರಿಸಬೇಕು. ಸೈಗಲ್ ಕತ್ತರಿಸಿದ್ದು ಸ್ವರವಿಸ್ತಾರವನ್ನು, ಉಳಿಸಿಕೊಂಡದ್ದು ಮಾತನ್ನು. ಪ್ರತಿ ಪದವನ್ನೂ ಪಕ್ಕದಲ್ಲಿ ನಡೆಯುತ್ತಿರುವ ಸ್ನೇಹಿತನಿಗೆ ಹೇಳಿದಂತೆ ಹೇಳುತ್ತಾರೆ. ಇಲ್ಲಿ ಪಲ್ಲಕ್ಕಿಯೇ ಇಲ್ಲ. ಹೊರಟವನು ತನ್ನ ಕಾಲ ಮೇಲೆ ಹೊರಟಿದ್ದಾನೆ. ಆದ್ದರಿಂದ ಇದು ಮದುಮಗಳ ಹಾಡಿಗಿಂತ ದಾರಿಹೋಕನ ಹಾಡು. ಹಾಡಿದ ಒಂಬತ್ತನೆಯ ವರ್ಷ, 1947ರ ಜನವರಿಯಲ್ಲಿ, 42ರ ವಯಸ್ಸಿಗೇ ಸೈಗಲ್ ಜಲಂಧರದಲ್ಲಿ ತೀರಿಕೊಂಡರು. ಅದಾದ ಮೇಲೆ ಕೇಳಿದವರಿಗೆಲ್ಲ ಮೂರನೆಯ ಹೊರಡುವಿಕೆಯೇ ಮುಂದೆ ಬಂದು ನಿಂತಿತು.

ಎರಡನೆಯವರು ನಮ್ಮವರು, ಗದಗಿನ ಭೀಮಸೇನ ಜೋಶಿಯವರು. ಜೋಶಿಯವರು ತವರನ್ನು ತಾವೇ ಬಿಟ್ಟವರು. ಅಬ್ದುಲ್ ಕರೀಂ ಖಾನರ ಠುಮ್ರಿಯ ಪ್ಲೇಟು ಕೇಳಿದ ಹುಚ್ಚಿನಲ್ಲಿ, 1933ರಲ್ಲಿ, ಹನ್ನೊಂದು ವರ್ಷದ ಹುಡುಗ ಗುರುವನ್ನು ಹುಡುಕಿಕೊಂಡು ಮನೆಯಿಂದ ಓಡಿಹೋದ. ಟಿಕೀಟಿಲ್ಲದೆ ರೈಲು ಹತ್ತಿ, ಹಾಡಿ ಹಾಡಿ ಊರೂರು ದಾಟಿದ. ಗ್ವಾಲಿಯರ್ ಕಂಡ, ಕಲ್ಕತ್ತೆ ಕಂಡ. ಕಲ್ಕತ್ತೆಯಲ್ಲಿ ಆ ಹುಡುಗ ಮನೆಗೆಲಸಕ್ಕಿದ್ದದ್ದು ನಟ ಪಹಾಡಿ ಸನ್ಯಾಲರ ಮನೆಯಲ್ಲಿ; ಸೈಗಲ್ಲರಂತೆ ಸನ್ಯಾಲರೂ ನ್ಯೂ ಥಿಯೇಟರ್ಸಿನವರೇ. ಕೊನೆಗೆ ಜಲಂಧರದಲ್ಲಿದ್ದಾಗ ವಿನಾಯಕರಾವ್ ಪಟವರ್ಧನರು, ನಿನ್ನ ಊರಿನ ಮಗ್ಗುಲಲ್ಲೇ ಸವಾಯಿ ಗಂಧರ್ವರಿದ್ದಾರೆ, ಅವರ ಬಳಿಗೆ ಹೋಗು ಎಂದು ತಿರುಗಿ ಕಳಿಸಿದರು. ಹುಡುಗ ಕುಂದಗೋಳಕ್ಕೆ ಬಂದ. ಆಮೇಲಿನದು ಎಲ್ಲರೂ ಬಲ್ಲ ಕಥೆ.

ಜೋಶಿಯವರ ಕಂಠದಲ್ಲಿ ಈ ಠುಮ್ರಿ ಕಚೇರಿಯ ಕೊನೆಗೆ ಬರುತ್ತದೆ. ಭೈರವಿ ಬಂದಿತೆಂದರೆ ಮನೆಗೆ ಹೊರಡುವ ಹೊತ್ತಾಯಿತೆಂದು ಕೇಳುಗರು ಬಲ್ಲರು. ಒಂದೇ ನುಡಿಯನ್ನು ಮತ್ತೆ ಮತ್ತೆ ಎತ್ತಿಕೊಂಡು, ಪ್ರತಿ ಸಲವೂ ಬೇರೊಂದು ಸ್ವರದ ಬೆಳಕಿನಲ್ಲಿ ಹಿಡಿದು ತೋರುವುದು ಠುಮ್ರಿಯ ಪದ್ಧತಿ. ಅದನ್ನು ಬೋಲ್ ಬನಾವ್ ಎನ್ನುತ್ತಾರೆ. ಬಿಟ್ಟುಹೋಗುತ್ತಿದೆ ಎಂಬ ಆ ಕ್ರಿಯಾಪದ ಅವರ ಬಾಯಲ್ಲಿ ಒಮ್ಮೆ ಪ್ರಶ್ನೆ, ಒಮ್ಮೆ ಜಗಳ, ಒಮ್ಮೆ ಸಮಾಧಾನ. ಕೋಮಲ ರಿಷಭದಿಂದ ಷಡ್ಜಕ್ಕೆ ಇಳಿಯುವ ಹಾದಿಯಲ್ಲಿ ಅವರು ತಡೆದು ನಿಂತಾಗ, ಇಳಿಯದಿದ್ದರೆ ತವರು ಉಳಿದೀತೇನೋ ಎಂಬ ಆಸೆ ಕೇಳುವವನಿಗೆ ಹುಟ್ಟುತ್ತದೆ. ಆದರೆ ಷಡ್ಜಕ್ಕೆ ಇಳಿಯಲೇಬೇಕು. ಸೈಗಲ್ ಒಪ್ಪಿಕೊಂಡು ನಡೆದರೆ ಜೋಶಿಯವರು ಹೊಸ್ತಿಲಿಗೆ ಕೈಯೂರಿ ನಿಲ್ಲುತ್ತಾರೆ. ಹತಾಶೆಯ ಹಾಡಿಗೆ ಇಷ್ಟು ತೋಳ್ಬಲವಿದ್ದುದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಮೂರನೆಯದು 1974ರ 'ಆವಿಷ್ಕಾರ್' ಎಂಬ ಬಾಸು ಭಟ್ಟಾಚಾರ್ಯರ ಚಿತ್ರದ್ದು. ಹಾಡಿದವರು ಜಗಜಿತ್ ಸಿಂಗ್ ಮತ್ತು ಚಿತ್ರಾ ಸಿಂಗ್ ದಂಪತಿಗಳು. ಮದುವೆಯ ವಾರ್ಷಿಕದ ರಾತ್ರಿ, ಪ್ರೀತಿಸಿ ಮದುವೆಯಾದ ಗಂಡಹೆಂಡಿರು ಒಂದೇ ಮನೆಯೊಳಗೆ ಒಬ್ಬರಿಗೊಬ್ಬರು ದೂರವಾಗಿರುವ ಕಥೆ ಅದು. ಅಲ್ಲಿ ಹಾಡು ಮೆಲುದನಿಯಲ್ಲಿ, ಪಕ್ಕದ ಕೋಣೆಯಿಂದ ಬಂದಂತೆ ಬರುತ್ತದೆ. ತವರು ಬಿಟ್ಟು ಬಂದವಳಿಗೆ ಬಂದ ಮನೆಯೂ ಕೈತಪ್ಪುತ್ತಿದೆ. ಗಂಡಿನ ದನಿಯೂ ಹೆಣ್ಣಿನ ದನಿಯೂ ಕೂಡಿರುವುದರಿಂದ ನಮಗೆ ಹೊಳೆಯುತ್ತದೆ: ಗಂಡಿಗೂ ಒಂದು ತವರಿದೆ, ಅದೂ ಬಿಟ್ಟುಹೋಗುತ್ತದೆ, ಆದರೆ ಅದನ್ನು ಹಾಡಿಕೊಳ್ಳುವ ರೂಢಿ ಅವನಿಗಿಲ್ಲ. ರೂಢಿಯಿಲ್ಲದ್ದನ್ನು ಒಬ್ಬ ನವಾಬ ಮಾಡಿದ್ದ.

ಜನಪದ ಸಾಹಿತ್ಯದ ತರಗತಿಯಲ್ಲಿ ತವರಿನ ಹಾಡುಗಳನ್ನು ಹೇಳುವಾಗ ಈ ಮೂರನ್ನೂ ಒಮ್ಮೆ ಕೇಳಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಸರ್, ನವಾಬನ ಕಥಿ ಗೊತ್ತಿಲ್ಲದವರಿಗೆ ಈ ಹಾಡು ಅರ್ಧ ಆಗ್ತದೇನ್ರಿ?" ಎಂದು ಕೇಳಿದಳು. ಕವಿಯ ಬದುಕು ತಿಳಿಯದೆ ಕವಿತೆ ತಿಳಿಯುವುದೇ ಎಂಬುದು ವಿಮರ್ಶೆಯ ಹಳೆಯ ಪ್ರಶ್ನೆ. ಅದಕ್ಕೆ ಪಾಶ್ಚಾತ್ಯರು ಪೌರ್ವಾತ್ಯರು ಇಬ್ಬರ ಉತ್ತರಗಳೂ ನನ್ನ ಟಿಪ್ಪಣಿಯಲ್ಲಿದ್ದವು. ಅವುಗಳನ್ನು ಬದಿಗಿಟ್ಟು ನಾನು ನಮ್ಮವ್ವನ ವಿಷಯ ಹೇಳಿದೆ.

ನಮ್ಮವ್ವನ ತವರು ಹಳೆಯ ಬಾಗಲಕೋಟೆ. ಘಟಪ್ರಭೆಯ ಕಡೆಗಿನ ಓಣಿಯಲ್ಲಿ ನಮ್ಮಜ್ಜನ ಮಣ್ಣಿನ ಮಾಳಿಗೆಯ ಮನೆ ಇತ್ತು. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಎಂದು 1964ರಲ್ಲಿ ಶಂಕುಸ್ಥಾಪನೆಯಾದಾಗ ಅವ್ವ ಪರಕಾರ ತೊಟ್ಟು ಸಾಲೆಗೆ ಹೋಗುತ್ತಿದ್ದಳು. ಅಂದಿನಿಂದ ಆ ಊರಿನ ಮಾತಿನಲ್ಲಿ ಮುಳುಗಡೆ ಎಂಬ ಪದ ಸೇರಿಕೊಂಡಿತು. ಮುಳುಗಡೆ ಆಗತದಂತ, ಮುಳುಗಡೆ ಇಲ್ಲಂತ, ಪರಿಹಾರ ಬರತದಂತ. ಗೋಡೆಗೆ ಸುಣ್ಣ ಬಳಿಯುವುದೋ ಬೇಡವೋ ಎಂಬುದನ್ನೂ ಜನ ಮುಳುಗಡೆಯನ್ನು ನೆನೆದು ನಿಶ್ಚಯಿಸುತ್ತಿದ್ದರು. ಹೀಗೆ ಮೂರೂವರೆ ದಶಕ ಕಳೆದು, ಈ ಶತಮಾನದ ಮೊದಲ ವರ್ಷಗಳಲ್ಲಿ ನೀರು ನಿಜವಾಗಿ ಬಂದಿತು. ಮಾವಂದಿರು ನವನಗರಕ್ಕೆ ಹೋದರು. ನಾನಾಗ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ. ಆ ನೀರು ಬಿಸಿಲುನಾಡಿನ ಲಕ್ಷಾಂತರ ಎಕರೆಗೆ ಹೋಗಿ ಬೆಳೆ ಬೆಳೆದಿದೆ. ಅದನ್ನು ಅವ್ವನೂ ಒಪ್ಪುತ್ತಾಳೆ. ಒಪ್ಪಿದ ಮಾತ್ರಕ್ಕೆ ಮುಳುಗಿದ ಮನೆ ತೇಲುವುದಿಲ್ಲ.

ಅವ್ವನಿಗೆ ಹಿಂದಿ ಅಷ್ಟಕ್ಕಷ್ಟೆ. ನವಾಬ, ಔಟ್ರಮ್, ಮಟಿಯಾಬುರ್ಜು ಯಾವುದೂ ಗೊತ್ತಿಲ್ಲ. ಪಾಠಕ್ಕೆ ಸಿದ್ಧಮಾಡಿಕೊಳ್ಳುತ್ತ ಈ ಹಾಡುಗಳನ್ನು ಮೊಬೈಲಿನಲ್ಲಿ ಹಾಕಿದ್ದಾಗ, ಮೆಂತ್ಯೆ ಸೊಪ್ಪು ಸೋಸುತ್ತ ಕುಳಿತಿದ್ದವಳು ಕೈ ನಿಲ್ಲಿಸಿದಳು.

"ಇದು ಯಾರ ಹಾಡೋ ತಮ್ಮಾ?"

"ಹೆಣ್ಣುಮಗಳು ಗಂಡನ ಮನಿಗೆ ಹೊಂಟಾಳವ್ವಾ. ನೈಹರ್ ಅಂದ್ರ ತವರುಮನಿ."

"ಹೊಂಟಾಳ ಅಂತ ಅದ ಏನು ಅದರಾಗ?"

ನಾನು ಕ್ರಿಯಾಪದದ ಅರ್ಥ ಹೇಳಿದೆ. ಅವಳು ಹೊರಡುವುದಲ್ಲ, ತವರೇ ಬಿಟ್ಟುಹೋಗುತ್ತಿದೆ ಎಂದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಇದು ಮದವಿ ಹಾಡಲ್ಲ" ಎಂದಳು. "ಗಂಡನ ಮನಿಗೆ ಹೋಗಾಕಿ ಹೋಗ್ತೀನಿ ಅಂತಾಳೇನು? ಬರ್ತೀನಿ ಅಂತಾಳ. ಪಂಚಮಿಗೆ ಬರ್ತೀನಿ, ಬಾಣಂತನಕ್ಕ ಬರ್ತೀನಿ. ಇದರಾಗ ಬರ್ತೀನಿ ಅನ್ನೋ ಮಾತs ಇಲ್ಲಲ್ಲ."

ಮನೆ ಬಿಡುವಾಗ ಹೋಗುತ್ತೇನೆ ಎನ್ನಬಾರದು, ಬರುತ್ತೇನೆ ಎನ್ನಬೇಕು ಎಂಬುದು ನಮ್ಮಲ್ಲಿ ಮಗುವಿಗೂ ಗೊತ್ತಿರುವ ರೀತಿ. ಲಕ್ನೋದ ದರ್ಬಾರಿನಿಂದ ಹಿಡಿದು ಕಲ್ಕತ್ತೆಯ ಸ್ಟುಡಿಯೋವರೆಗೆ ಈ ಹಾಡಿನ ಬೆನ್ನು ಹತ್ತಿದ ನನಗೆ ಕಾಣದಿದ್ದ ಒಂದು ಖಾಲಿ ಜಾಗ ಅವಳ ಕಣ್ಣಿಗೆ ಬಿದ್ದಿತ್ತು. ಮದುಮಗಳ ವೇಷ ತೊಟ್ಟ ನವಾಬ ಎಲ್ಲವನ್ನೂ ತೊಟ್ಟ: ಪಲ್ಲಕ್ಕಿ, ಅಂಗಳ, ಹೊಸ್ತಿಲು, ಅಪ್ಪ. ಮದುಮಗಳಾದವಳು ಹೊಸ್ತಿಲ ಮೇಲೆ ನಿಂತು ಆಡುವ ಆ ಒಂದು ಮಾತನ್ನು ಮಾತ್ರ ಅವನಿಂದ ಆಡಲಾಗಲಿಲ್ಲ. ಹತಾಶೆ ಎಂದರೆ ಅಷ್ಟೇ ಇರಬೇಕು. ಅಳು ಮದುವೆಯ ಹಾಡಿನಲ್ಲೂ ಇರುತ್ತದೆ.

ಮೂರರಲ್ಲಿ ಯಾವುದು ಚೆನ್ನಾಗಿದೆ ಎಂದು ಕೇಳಿದೆ. ಗದಗಿನವರದೇ ಚಲೋ ಎಂದಳು, ಯಾಕೆಂದರೆ ಅವರು "ಲಗೂನ ಹೊಂಡೂದಿಲ್ಲ." ಸೈಗಲ್ಲರ ವಿಷಯದಲ್ಲಿ, "ಪಾಪ, ಅವನಿಗೆ ಎಲ್ಲಾ ತಿಳಿದುಬಿಟ್ಟದ" ಎಂದಳು. ಮೂರನೆಯದಕ್ಕೆ ಏನೂ ಹೇಳದೆ ಮತ್ತೆ ಸೊಪ್ಪಿಗೆ ಕೈಹಚ್ಚಿದಳು.

ತರಗತಿಯಲ್ಲಿ ಇಷ್ಟನ್ನು ಹೇಳಿ ನಿಲ್ಲಿಸಿದೆ. ಹುಡುಗಿ ಕುಳಿತುಕೊಳ್ಳಲಿಲ್ಲ. "ಸರ್, ನೀರು ಬರೋಕಿಂತ ಮೊದಲ ಆ ಮನಿ ಖಾಲಿ ಮಾಡಿದಾಗ ನಿಮ್ಮ ತಾಯಿಯವರು ಅಲ್ಲಿ ಇದ್ರೇನ್ರಿ?"

ಇದ್ದಳು. ನಾನೂ ಇದ್ದೆ. ಬಾಗಿಲು, ಕಿಟಕಿ, ತೊಲೆ ಎಲ್ಲವನ್ನೂ ಬಿಚ್ಚಿ ಟ್ರ್ಯಾಕ್ಟರಿಗೆ ಹೇರಿದ್ದರು. ಬಾಗಿಲು ಹೋದ ಮೇಲೂ ಕಲ್ಲಿನ ಹೊಸ್ತಿಲು ಹಾಗೆಯೇ ಉಳಿದಿತ್ತು. ಅವ್ವ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಎಡಗಾಲು ತಾಗದಂತೆ ದಾಟಿ, ಅಂಗಳದಲ್ಲಿ ನಿಂತು ಹಿಂದಕ್ಕೆ ತಿರುಗಿ ನೋಡಿದಳು. ಒಳಗೆ ಯಾರೂ ಇರಲಿಲ್ಲ. ಗೋಡೆಗಳಿಗೆ ಮಾಳಿಗೆ ಇರಲಿಲ್ಲ. ಎಷ್ಟೋ ವರ್ಷ ಪ್ರತಿ ಪಂಚಮಿಗೆ ಹೇಳಿದ ದನಿಯಲ್ಲಿಯೇ, "ಬರ್ತೀನಿ" ಎಂದಳು.